ಬಾವಿ ನೀರಿನಲ್ಲಿ ಆಕ್ಸೊಲಾಟಲ್ ಸಾಕುವವರೇ, ಮಳೆಗಾಲದಲ್ಲಿ ಎಚ್ಚರ

ಮಲೆನಾಡಿನಲ್ಲಿ ಆಕ್ಸೊಲಾಟಲ್ (ಜೀವನವಿಡೀ ನೀರಿನಲ್ಲೇ ಇರುವ, ಕಿವಿರುಳ್ಳ ಸಲಮಾಂಡರ್) ಸಾಕಿರುವವರು ದಯವಿಟ್ಟು ತೊಟ್ಟಿಯ ನೀರಿನ ಕೆಎಚ್, ಅಂದರೆ ಆಮ್ಲವನ್ನು ತಡೆಯುವ ಕಾರ್ಬೊನೇಟ್ ಅಂಶ, ಎಷ್ಟಿದೆ ಎಂದು ಇವತ್ತೇ ನೋಡಿಕೊಳ್ಳಿ. ನೀರು ತಿಳಿಯಾಗಿದೆ ಎಂದು ನಂಬಿ ಕೂರಬೇಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ತಿಳಿನೀರಿನಲ್ಲೇ ಪ್ರಾಣಿ ಸತ್ತಿತು.

ನಮ್ಮದು ಜಂಬಿಟ್ಟಿಗೆ ನೆಲದ ತೆರೆದ ಬಾವಿ. ಬೇಳೆ ಬೇಗ ಬೇಯುತ್ತದೆ, ಸೋಪು ಸೊಗಸಾಗಿ ನೊರೆಯಾಗುತ್ತದೆ. ಅಂದರೆ ನೀರಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ನಮಗೆ ಅದು ಅಮೃತ. ಮೆಕ್ಸಿಕೋದ ಸೊಚಿಮಿಲ್ಕೊ ಕೆರೆ ಮೂಲದ ಈ ಪ್ರಾಣಿಗೆ ಬೇಕಾದದ್ದು ತಣ್ಣಗಿನ, ತುಸು ಗಡಸು ನೀರು, ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲೀಯ) 7.4ರಿಂದ 7.6. ಪ್ರಾಣಿಯ ಹೊಲಸಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ನೀರಿನ ಕಾರ್ಬೊನೇಟ್ ಅದನ್ನು ತಣಿಸುತ್ತಾ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಬೇಗ ಮುಗಿದು ಪಿಎಚ್ ಒಮ್ಮೆಗೇ ಕುಸಿಯುತ್ತದೆ. ಆಗ ಬ್ಯಾಕ್ಟೀರಿಯಾಗಳ ಕೆಲಸವೂ ನಿಂತು, ಅಮೋನಿಯಾ ತೊಟ್ಟಿಯಲ್ಲೇ ಉಳಿಯುತ್ತದೆ. ಮಳೆನೀರು ಸೇರಿದಾಗ ಬಾವಿ ನೀರು ಇನ್ನೂ ಮೆದುವಾಗುತ್ತದೆ.

ಆಷಾಢದ ಜಡಿಮಳೆಯಲ್ಲಿ ನಮ್ಮ ತೊಟ್ಟಿಯ ಪಿಎಚ್ 6ಕ್ಕೆ ಬಂದಿತ್ತು. ಕಿವಿರುಗಳು ಮುಂದಕ್ಕೆ ಬಾಗಿ, ಅವುಗಳ ಕುಚ್ಚು ಸವೆದು, ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗಿತ್ತು. ಎರೆಹುಳುವನ್ನು ಬಾಯಿಯ ಮುಂದೆ ಹಿಡಿದರೂ ತಲೆ ತಿರುಗಿಸಿತು. ಅದನ್ನು ಮಾರಿದ ಶಿವಮೊಗ್ಗದ ಅಂಗಡಿಯವರನ್ನು ಕೇಳಿದರೆ, ‘ಅರ್ಧ ನೀರು ತೆಗೆದು ಕೊಳವೆಬಾವಿ ನೀರು ತುಂಬಿ, ಸರಿಹೋಗುತ್ತದೆ’ ಎಂದರು. ತುಂಬಿದೆವು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

ಆ ಸಲಹೆ ಕೊಲ್ಲುವ ಸಲಹೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿರುತ್ತದೆ, ಅದರ ವಿಷ ಕಡಿಮೆ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕೊಳವೆಬಾವಿಯ ಗಡಸು ನೀರು ಪಿಎಚ್ ಅನ್ನು ಒಮ್ಮೆಗೇ ಏರಿಸುತ್ತದೆ; 6ರಿಂದ 8ಕ್ಕೆ ಹೋದರೆ ಸುಮಾರು ನೂರು ಪಟ್ಟು. ನೀರು ಅರ್ಧ ಬದಲಾದರೂ ಉಳಿದರ್ಧದ ಅಮೋನಿಯಾ ಸಾಕು.

ನಿಮಗೆ ಇಂಥ ಸ್ಥಿತಿ ಬಂದರೆ ಮೊದಲು ಪ್ರಾಣಿಯನ್ನು ಬೇರೆ ಟಬ್ಬಿಗೆ ತೆಗೆಯಿರಿ. ಟಬ್ಬಿಗೆ ಅದೇ ಬಾವಿಯ ಹೊಸ ನೀರು, ದಿನವೂ ಬದಲಿಸಿ, 16ರಿಂದ 18 ಡಿಗ್ರಿಯಲ್ಲಿ ಇಡಿ. ತೊಟ್ಟಿಯನ್ನು ಆಮೇಲೆ ನಿಧಾನವಾಗಿ ಸರಿಪಡಿಸಬಹುದು: ಫಿಲ್ಟರಿನೊಳಗೆ ಹವಳದ ಪುಡಿಯ ಚೀಲ ಇಟ್ಟರೆ ಕೆಎಚ್ ತಾನಾಗಿ ಏರುತ್ತದೆ, ಅದು 3 ಡಿಗ್ರಿಗಿಂತ (ಇದು ಕೆಎಚ್‌ನ ಅಳತೆ, ತಾಪಮಾನವಲ್ಲ) ಕೆಳಗಿಳಿಯದಿರಲಿ. ಅಮೋನಿಯಾ, ಅದು ನೈಟ್ರೇಟ್ ಆಗುವ ನಡುವಿನ ಹಂತವಾದ ನೈಟ್ರೈಟ್ ಎರಡೂ ಸೊನ್ನೆಯಾಗುವ ತನಕ ಪ್ರಾಣಿಯನ್ನು ಮರಳಿ ಬಿಡಬೇಡಿ. ನಗರದ ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ದ್ರಾವಣವನ್ನು ತಪ್ಪದೆ ಹಾಕಿ. ನೀರು ಪರೀಕ್ಷಿಸುವ ಕಿಟ್ ಕೊಳ್ಳುವಾಗ ಅದರಲ್ಲಿ ಕೆಎಚ್ ಪರೀಕ್ಷೆ ಇದೆಯೇ ಎಂದು ಡಬ್ಬಿ ತಿರುಗಿಸಿ ಓದಿ. ನಮಗೆ ಮಾರಿದ ಕಿಟ್‌ನಲ್ಲಿ ಇರಲಿಲ್ಲ.