ಮನೆಯಲ್ಲೇ ಓದಿದ ಮಗುವಿಗೆ ಸರ್ಕಾರಿ ಶಾಲೆ: ನಲಿ-ಕಲಿ ತರಗತಿಯ ಕುರಿತು ಒಂದು ವಿಮರ್ಶೆ

ಮಗುವನ್ನು ಕೆಲವು ವರ್ಷ ಮನೆಯಲ್ಲೇ ಓದಿಸಿ ಆಮೇಲೆ ಶಾಲೆಗೆ ಸೇರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಖಾಸಗಿ ಶಾಲೆಗಳನ್ನು. ನಾವೂ ಹಾಗೆಯೇ ವಿಚಾರಿಸಿದೆವು. ಒಂದು ಕಡೆ ಪ್ರವೇಶ ಪರೀಕ್ಷೆ ಬರೆಯಬೇಕೆಂದರು, ಇನ್ನೊಂದು ಕಡೆ ಹಿಂದಿನ ಶಾಲೆಯ ವರ್ಗಾವಣೆ ಪತ್ರವಿಲ್ಲದಿದ್ದರೆ ಒಂದು ತರಗತಿ ಕೆಳಗೆ ಸೇರಿಸಿಕೊಳ್ಳುತ್ತೇವೆಂದರು. ಕೊನೆಗೆ ಮಗಳನ್ನು ಸೇರಿಸಿದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೂರನೇ ತರಗತಿಗೆ. ಈಗ ಅವಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಎರಡೂ ತರಗತಿಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಮನೆಯಲ್ಲಿ ತನ್ನದೇ ವೇಗದಲ್ಲಿ ಕಲಿತು ಬಂದ ಮಗುವಿಗೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಿಂತ ಸಲೀಸಾದ ಪ್ರವೇಶ ಬೇರೆಲ್ಲೂ ಸಿಗುವುದು ಕಷ್ಟ, ಆದರೆ ಮೂರನೆಯ ತರಗತಿಯಿಂದ ನಾಲ್ಕನೆಯದಕ್ಕೆ ಹೋಗುವಾಗ ಆ ಸಲೀಸುತನ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಮತ್ತು ಅದಕ್ಕೆ ಮಗುವನ್ನು ಸಿದ್ಧಗೊಳಿಸುವ ಏರ್ಪಾಡು ವ್ಯವಸ್ಥೆಯಲ್ಲಿ ಸಾಕಷ್ಟಿಲ್ಲ.

ನಲಿ-ಕಲಿ ಎಂಬ ಹೆಸರನ್ನು ಎಲ್ಲರೂ ಕೇಳಿರುತ್ತಾರೆ, ಒಳಗೆ ಏನು ನಡೆಯುತ್ತದೆಂದು ಬಲ್ಲವರು ಕಡಿಮೆ. ಆಂಧ್ರಪ್ರದೇಶದ ಋಷಿ ಕಣಿವೆಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ನೆರವಿನೊಂದಿಗೆ ಆರಂಭಿಸಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾಯಿತು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಅದರಲ್ಲಿ ಮೈಲಿಗಲ್ಲುಗಳಿರುತ್ತವೆ, ಒಂದೊಂದು ಮೈಲಿಗಲ್ಲಿಗೂ ಕಾರ್ಡುಗಳ ಸಾಲಿರುತ್ತದೆ. ಮಗು ತಾನು ನಿಂತಿರುವ ಮೆಟ್ಟಿಲನ್ನು ಏಣಿಯಲ್ಲಿ ಹುಡುಕಿ, ಅಲ್ಲಿನ ಚಿಹ್ನೆಯಿರುವ ಕಾರ್ಡನ್ನು ತಾನೇ ಎತ್ತಿಕೊಂಡು ಬಂದು, ಆ ಚಟುವಟಿಕೆಗೆ ಗೊತ್ತುಮಾಡಿದ ಗುಂಪಿನಲ್ಲಿ ಕೂರುತ್ತದೆ. ಈ ಗುಂಪುಗಳಿಗೆ ಶಾಲೆಯಲ್ಲಿ ತಟ್ಟೆ ಎನ್ನುತ್ತಾರೆ. ಶಿಕ್ಷಕರ ನೆರವಿನ ತಟ್ಟೆ, ಗೆಳೆಯರ ನೆರವಿನ ತಟ್ಟೆ, ಯಾರ ನೆರವೂ ಇಲ್ಲದೆ ತಾನೇ ಕಲಿಯುವ ತಟ್ಟೆ ಹೀಗೆ. ಕಾಯಿಲೆ ಬಿದ್ದು ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ, ಪಾಠ ತಪ್ಪಿತೆಂಬ ಮಾತೇ ಬರುವುದಿಲ್ಲ.

ಮನೆಯಲ್ಲಿ ಓದಿದ ಮಗುವಿಗೆ ಇದು ಏಕೆ ಒಗ್ಗುತ್ತದೆಂದು ಮಗಳ ಮೊದಲ ವಾರಗಳಲ್ಲೇ ತಿಳಿಯಿತು. ಅವಳ ಕಲಿಕೆ ಸಮನಾಗಿರಲಿಲ್ಲ. ಕನ್ನಡ ಓದುವುದರಲ್ಲಿ ವಯಸ್ಸಿಗೆ ಮೀರಿ ಮುಂದಿದ್ದಳು, ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ, ಕೈಬರಹವಂತೂ ತೀರಾ ನಿಧಾನ. ಸಾಮಾನ್ಯ ತರಗತಿಯಲ್ಲಾದರೆ ಈ ಏರುಪೇರು ಮೊದಲ ದಿನವೇ ಎಲ್ಲರ ಮುಂದೆ ಬಯಲಾಗುತ್ತಿತ್ತು. ಇಲ್ಲಿ ಕನ್ನಡದಲ್ಲಿ ಅವಳು ಏಣಿಯ ಮೇಲಿನ ಮೆಟ್ಟಿಲಿನಿಂದ, ಗಣಿತದಲ್ಲಿ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿದಳು. ಪಕ್ಕದಲ್ಲಿ ಕುಳಿತ ಮಕ್ಕಳೂ ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿದ್ದರು. ನಾನು ತರಗತಿ ನೋಡಲು ಅನುಮತಿ ಪಡೆದು ಹೋದ ಒಂದು ಬೆಳಿಗ್ಗೆ, ಎರಡನೆಯ ತರಗತಿಯ ಹುಡುಗಿಯೊಬ್ಬಳು ಅವಳಿಗೆ ಕಡ್ಡಿಗಳನ್ನು ಹತ್ತರ ಕಟ್ಟಾಗಿ ಕಟ್ಟುವುದನ್ನು ತೋರಿಸಿಕೊಡುತ್ತಿದ್ದಳು. ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕದಿದ್ದರೆ ಕಟ್ಟು ಬಿಚ್ಚಿಕೊಳ್ಳುತ್ತದೆಂದು ಗದರಿಸುತ್ತಲೂ ಇದ್ದಳು. ವಯಸ್ಸಿನಲ್ಲಿ ಚಿಕ್ಕವಳಿಂದ ಹೇಳಿಸಿಕೊಳ್ಳುವುದರಲ್ಲಿ ಮಗಳಿಗೆ ಯಾವ ಸಂಕೋಚವೂ ಕಾಣಲಿಲ್ಲ, ಏಕೆಂದರೆ ಆ ಕೋಣೆಯಲ್ಲಿ ಅದು ನಿತ್ಯದ ಪದ್ಧತಿ. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಬಳಿದಿರುವ ಕಪ್ಪು ಹಲಗೆಯಲ್ಲಿ ಪ್ರತಿ ಮಗುವಿಗೂ ಬರೆಯಲು ತನ್ನದೇ ಜಾಗವಿತ್ತು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರಗಳು, ಕತ್ತರಿಸಿದ ಆಕಾರಗಳು ತೂಗುತ್ತಿದ್ದವು.

ಕಷ್ಟವಾದದ್ದು ಪಾಠವಲ್ಲ, ದಿನಚರಿ. ನೀರು ಕುಡಿಯಲು ಕೇಳಿ ಹೋಗಬೇಕು, ಗಂಟೆ ಹೊಡೆದ ಕೂಡಲೇ ಓದುತ್ತಿದ್ದ ಕಥೆಯನ್ನು ಅರ್ಧಕ್ಕೆ ಮುಚ್ಚಬೇಕು, ಉತ್ತರ ಗೊತ್ತಿದ್ದರೂ ಕೈ ಎತ್ತಿ ಕಾಯಬೇಕು. ಇವುಗಳಲ್ಲಿ ಒಂದೂ ನಮ್ಮ ಮನೆಯಲ್ಲಿ ಇರಲಿಲ್ಲ. ಬೆಳಗಿನ ಪ್ರಾರ್ಥನೆಯ ಸಾಲು, ನಾಡಗೀತೆ, ಸಂವಿಧಾನದ ಪೀಠಿಕೆಯ ಓದು ಇವೆಲ್ಲ ಅವಳಿಗೆ ಇಷ್ಟವಾದವು; ಅಷ್ಟೂ ಮಕ್ಕಳು ಒಂದೇ ಸಲ ಮಾತನಾಡುವ ಸದ್ದು ಮಾತ್ರ ತಲೆನೋವು ತರಿಸುತ್ತಿತ್ತು. ಮೊದಲ ತಿಂಗಳು ಸಂಜೆ ಮನೆಗೆ ಬಂದವಳು ಯಾರೊಂದಿಗೂ ಮಾತನಾಡದೆ ಮೂಲೆಯಲ್ಲಿ ಮಲಗಿಬಿಡುತ್ತಿದ್ದಳು. ಇಂಥ ಮಗುವಿರುವ ಮನೆಯವರು ಆ ಅವಧಿಯಲ್ಲಿ ಟ್ಯೂಷನ್, ಸಂಗೀತ ಪಾಠ ಎಂದು ಸಂಜೆಗಳನ್ನು ತುಂಬಿಸಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ತರಗತಿಯ ಶಿಕ್ಷಕಿಯನ್ನು ಕೇಳಿದಾಗ ಅವರು ಹೇಳಿದ ಮಾತು ನನಗೆ ಸಮಾಧಾನ ತಂದಿತು: “ಓದೋಕೆ ಬರೆಯೋಕೆ ಏನೂ ತೊಂದರೆ ಇಲ್ಲ ಮೇಡಂ, ತನ್ನ ಸರದಿ ಬರೋವರೆಗೂ ಕಾಯೋದೊಂದು ರೂಢಿ ಆಗ್ಬೇಕು. ದಸರಾ ರಜೆ ಹೊತ್ತಿಗೆ ಸರಿಹೋಗ್ತಾಳೆ, ನೋಡ್ತಿರಿ.” ಅವರು ಅಂದಂತೆಯೇ ಆಯಿತು. ಆ ಶಿಕ್ಷಕಿ ಅವಳನ್ನು ಹೊಸಬಳೆಂದು ಎಲ್ಲರ ಮುಂದೆ ನಿಲ್ಲಿಸಿ ಪರಿಚಯಿಸಲಿಲ್ಲ, ಮನೆಯಲ್ಲಿ ಓದಿದವಳೆಂದು ಹೊಗಳಲೂ ಇಲ್ಲ, ಕೊಂಕು ನುಡಿಯಲೂ ಇಲ್ಲ. ಹವಾಮಾನ ನಕ್ಷೆಯಲ್ಲಿ ಅಂದಿನ ಬಿಸಿಲು ಮೋಡಗಳನ್ನು ಗುರುತಿಸುವ ಕೆಲಸವನ್ನು ಒಂದು ವಾರ ಅವಳಿಗೆ ವಹಿಸಿದರು. ದಿನವೂ ಎದ್ದು ಹೋಗಿ ಮಾಡಬೇಕಾದ ಒಂದು ಕೆಲಸ ಸಿಕ್ಕಿದ್ದರಿಂದ ಅವಳಿಗೆ ಆ ಕೋಣೆ ತನ್ನದೆನಿಸಿತು.

ಪ್ರವೇಶದ ವಿಷಯದಲ್ಲಿ ಕಾನೂನು ಪೂರ್ತಿಯಾಗಿ ಮಗುವಿನ ಪರವಾಗಿದೆ, ಇದನ್ನು ತಿಳಿದುಕೊಂಡೇ ಹೋಗಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಶಿಕ್ಷಣದ ಪ್ರಸ್ತಾಪವೇ ಇಲ್ಲ. ಆದರೆ ಆರು ವರ್ಷ ದಾಟಿದ ಮಗು ಯಾವ ಶಾಲೆಗೂ ಸೇರಿರದಿದ್ದರೆ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದರ 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ, ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೊಳಪಡಿಸುವುದನ್ನು 13ನೇ ಸೆಕ್ಷನ್ ನಿಷೇಧಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 14ನೆಯದು ಹೇಳುತ್ತದೆ. ಹೀಗಿದ್ದರೂ ನಮ್ಮನ್ನು ಕಚೇರಿಯಲ್ಲಿ ಮೊದಲು ಕೇಳಿದ್ದು ವರ್ಗಾವಣೆ ಪತ್ರವನ್ನೇ. ಎಂದೂ ಶಾಲೆಗೆ ಹೋಗದ ಮಗುವಿಗೆ ಅದು ಎಲ್ಲಿಂದ ಬರಬೇಕೆಂದು ವಿವರಿಸುವಷ್ಟರಲ್ಲಿ ಸಾಕಾಯಿತು. ಸರ್ಕಾರದ ವಿದ್ಯಾರ್ಥಿ ದಾಖಲಾತಿ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ ಇರುತ್ತದೆ; ಮೂರನೆಯ ತರಗತಿಗೆ ಬರುವ ಮಗುವಿಗೆ ಹಳೆಯ ಸಂಖ್ಯೆ ಇದ್ದೇ ಇರುತ್ತದೆಂದು ಕಚೇರಿಯವರು ಭಾವಿಸುತ್ತಾರೆ. ಮುಖ್ಯೋಪಾಧ್ಯಾಯಿನಿಯವರು ಕಾಯ್ದೆ ಬಲ್ಲವರಾಗಿದ್ದರಿಂದ ನಮ್ಮಿಂದ ಒಂದು ಲಿಖಿತ ಹೇಳಿಕೆ ಪಡೆದು, ಜನನ ಪ್ರಮಾಣಪತ್ರ ಮತ್ತು ಆಧಾರ್ ಪ್ರತಿಯ ಆಧಾರದ ಮೇಲೆ ಹೊಸ ಸಂಖ್ಯೆ ಮಾಡಿಸಿಕೊಟ್ಟರು. ಎಲ್ಲ ಕಡೆಯೂ ಅಂಥವರೇ ಸಿಗುತ್ತಾರೆಂಬ ಭರವಸೆ ಇಲ್ಲವಾದ್ದರಿಂದ, ಹೋಗುವಾಗ ಆ ಸೆಕ್ಷನ್‌ಗಳನ್ನು ಕನ್ನಡದಲ್ಲಿ ಬರೆದ ಅರ್ಜಿಯನ್ನೇ ತೆಗೆದುಕೊಂಡು ಹೋಗುವುದು ಒಳ್ಳೆಯದು.

ವರ್ಷದ ಯಾವ ತಿಂಗಳಲ್ಲಿ ಹೋದರೂ ಸೇರಿಸಿಕೊಳ್ಳಬೇಕೆಂಬುದು ನಿಜ, ಆದರೂ ಶಾಲೆ ಆರಂಭವಾಗುವ ಮೊದಲ ವಾರವೇ ಸೇರಿಸಿ ಎಂದು ನಾನು ಒತ್ತಾಯಿಸುತ್ತೇನೆ. ಆ ದಿನಗಳಲ್ಲಿ ಸೇತುಬಂಧ ನಡೆಯುತ್ತದೆ. ನೈದಾನಿಕ ಪರೀಕ್ಷೆ ಮಾಡಿ, ಹಿಂದಿನ ತರಗತಿಯಲ್ಲಿ ಕಲಿತಿರಬೇಕಾದ್ದರಲ್ಲಿ ಯಾವ ಮಗು ಎಲ್ಲಿ ಹಿಂದಿದೆಯೆಂದು ಗುರುತಿಸಿ, ಅಷ್ಟನ್ನು ಮಾತ್ರ ಕಲಿಸಿ, ಕೊನೆಯಲ್ಲಿ ಸಾಫಲ್ಯ ಪರೀಕ್ಷೆ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ಮರೆತ ಮಕ್ಕಳಿಗೆಂದು ಮಾಡಿದ ಈ ಏರ್ಪಾಡು ಮನೆಯಿಂದ ಬಂದ ಮಗುವಿಗೆ ಹೇಳಿ ಮಾಡಿಸಿದಂತಿದೆ. ಎಲ್ಲರೂ ಹಳೆಯದನ್ನೇ ಮತ್ತೆ ಓದುತ್ತಿರುವಾಗ ಹೊಸಬರು ಯಾರೆಂದು ಯಾರಿಗೂ ಅನಿಸುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬಿಸಿಯೂಟದ ಅನ್ನ ಸಾಂಬಾರು ರುಚಿಯಾಗಿರುತ್ತದೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿಗೆ ಈಗ ವಾರದಲ್ಲಿ ಕೆಲವು ದಿನ ರಾಗಿ ಮಾಲ್ಟ್ ಸೇರಿದೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಿದ್ದಾರೆ. ಹೊಸ ಮಗುವಿಗೆ ಗೆಳೆತನ ಕುದುರುವುದು ತರಗತಿಯಲ್ಲಿ ಅಲ್ಲ, ಇಲ್ಲಿ. ಸಾಲಾಗಿ ಕೂತು ಉಣ್ಣುವುದು, ಆಮೇಲೆ ತಟ್ಟೆ ಹಿಡಿದು ನಲ್ಲಿಯ ಮುಂದೆ ನಿಲ್ಲುವುದು, ಮೊಟ್ಟೆಯ ಹಳದಿ ಬೇಡವಾದವಳು ಬಿಳಿ ಬೇಡವಾದವಳ ಜೊತೆ ಬದಲಾಯಿಸಿಕೊಳ್ಳುವುದು, ಇದೆಲ್ಲ ಮನೆಯಲ್ಲಿ ಒಬ್ಬಳೇ ಊಟ ಮಾಡುತ್ತಿದ್ದವಳಿಗೆ ಪೂರ್ತಿ ಹೊಸದು. ಮಗಳು ಶಾಲೆಯ ಬಗ್ಗೆ ತಾನಾಗಿ ಮನೆಯಲ್ಲಿ ಹೇಳಿದ ಮೊದಲ ಸುದ್ದಿಯೂ ಆ ಮೊಟ್ಟೆಯ ವ್ಯವಹಾರದ್ದೇ. ಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಉಚಿತವಾಗಿ ಬಂದವು. ಪುಸ್ತಕ ಬೇಗ ಬಂತು, ಶೂ ತಡವಾಯಿತು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಮೂರು ತರಗತಿಗಳ ಮಕ್ಕಳಿಗೆ ಒಬ್ಬರೇ ಶಿಕ್ಷಕಿ. ನಲಿ-ಕಲಿಯಲ್ಲಿ ಶಿಕ್ಷಕರು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರಬೇಕು. ಅವರು ತರಬೇತಿಗೋ ಸಮೀಕ್ಷೆಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಇಡೀ ಪದ್ಧತಿ ನಿಂತುಹೋಗಿ, ಮಕ್ಕಳನ್ನು ಮೇಲಿನ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿ ಕಾಪಿ ಬರೆಸುತ್ತಾರೆ. ಮಗಳಿಗೆ ಶಾಲೆ ಬೇಡವೆನಿಸಿದ್ದು ಆ ದಿನಗಳಲ್ಲಿ ಮಾತ್ರ. ಕೆಲವು ಕಾರ್ಡುಗಳು ಹರಿದಿದ್ದವು, ಕೆಲವು ಕಳೆದೇಹೋಗಿದ್ದವು. ಏಣಿಯಲ್ಲಿ ಮೆಟ್ಟಿಲಿದ್ದು ಕಾರ್ಡಿಲ್ಲದಿದ್ದರೆ ಮಗು ಅಲ್ಲೇ ನಿಲ್ಲುತ್ತದೆ. ಶೌಚಾಲಯ ಇದೆ, ನೀರೂ ಇದೆ, ಆದರೆ ಶುಚಿ ಮಾಡುವವರು ದಿನವೂ ಬರುವುದಿಲ್ಲ. ಮನೆಯ ಬಚ್ಚಲಿಗೆ ಮಾತ್ರ ಒಗ್ಗಿದ ಮಗು ಸಂಜೆಯವರೆಗೂ ತಡೆದುಕೊಂಡು ಕೂರುತ್ತದೆ, ನೀರು ಕುಡಿಯುವುದನ್ನೇ ಬಿಡುತ್ತದೆ. ಈ ವಿಷಯವನ್ನು ಪೋಷಕರು ನಾಚಿಕೆಯಿಂದ ಮುಚ್ಚಿಡದೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎತ್ತಬೇಕು. ಈ ಸಮಿತಿಗಳು 2001ರಲ್ಲಿ ರಚನೆಯಾದದ್ದೇ ಪೋಷಕರ ಮಾತಿಗೆ ಶಾಲೆಯಲ್ಲಿ ಜಾಗ ಸಿಗಲೆಂದು. ನಮ್ಮ ಶಾಲೆಯಲ್ಲಿ ಸಭೆಯ ನಂತರ ಹೆಣ್ಣುಮಕ್ಕಳ ಶೌಚಾಲಯದ ಚಿಲಕವಾದರೂ ರಿಪೇರಿಯಾಯಿತು.

ಇನ್ನು ನಾಲ್ಕನೆಯ ತರಗತಿ. ಏಣಿ, ಕಾರ್ಡು, ತಟ್ಟೆ ಎಲ್ಲ ಒಂದೇ ರಜೆಯಲ್ಲಿ ಮಾಯವಾಗಿ, ಬೆಂಚಿನ ಸಾಲು, ವಿಷಯವಾರು ಪಠ್ಯಪುಸ್ತಕ, ಪೀರಿಯಡ್ಡುಗಳು ಬರುತ್ತವೆ. ಎಲ್ಲರೂ ಒಂದೇ ಪಾಠವನ್ನು ಒಂದೇ ದಿನ ಓದುತ್ತಾರೆ, ಕರಿಹಲಗೆಯ ಮೇಲಿನ ಪ್ರಶ್ನೋತ್ತರವನ್ನು ಅಳಿಸುವ ಮೊದಲು ಬರೆದುಕೊಳ್ಳಬೇಕು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ (ಪಾಠದ ನಡುವೆಯೇ ಮಾಡುವ), ಎರಡು ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ ಮಾಡುವ) ಮೌಲ್ಯಮಾಪನಗಳು ಹಿಂದಿನಿಂದಲೂ ಇದ್ದವಾದರೂ ಈಗ ಅವುಗಳ ಅಂಕಗಳು ಮಕ್ಕಳ ಮಾತಿನಲ್ಲೇ ಓಡಾಡುತ್ತವೆ. ಮನೆಶಿಕ್ಷಣದಿಂದ ಬಂದ ಮಗುವಿಗೆ ನಿಜವಾದ ಶಾಲಾ ಪ್ರವೇಶ ಆಗುವುದು ಈ ಹಂತದಲ್ಲಿ. ಮಗಳ ನಿಧಾನದ ಕೈಬರಹ ಮೂರನೆಯ ತರಗತಿಯಲ್ಲಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ; ಇಲ್ಲಿ ಅರ್ಧಕ್ಕೆ ನಿಂತ ಉತ್ತರಗಳು ನೋಟ್‌ಬುಕ್ಕಿನ ತುಂಬ ಕಾಣತೊಡಗಿದವು. ಉತ್ತರ ಕೇಳಿದರೆ ಬಾಯಲ್ಲಿ ಸರಿಯಾಗಿ ಹೇಳುತ್ತಾಳೆ, ಅಂಕ ಬರುವುದು ಬರೆದದ್ದಕ್ಕೆ. ತನ್ನ ಮಾತಿನಲ್ಲಿ ಬರೆದ ಉತ್ತರಕ್ಕೆ ಕೆಂಪು ಗೆರೆ ಬಿದ್ದಾಗ ಅವಳು ಬಹಳ ನೊಂದುಕೊಂಡಳು. ತರಗತಿ ಶಿಕ್ಷಕರೊಂದಿಗೆ ಕೂತು ಮಾತನಾಡಿದ ಮೇಲೆ, ಅವಳು ಪ್ರಶ್ನೆಯನ್ನು ಬರೆಯದೆ ಉತ್ತರವನ್ನಷ್ಟೇ ಬರೆದರೆ ಸಾಕೆಂದು ಅವರು ಒಪ್ಪಿದರು. ಮನೆಯಲ್ಲಿ ದಿನವೂ ಸ್ವಲ್ಪ ಹೊತ್ತು ಉಕ್ತಲೇಖನ ಬರೆಸುತ್ತಿದ್ದೇವೆ. ಸುಧಾರಣೆ ಕಾಣುತ್ತಿದೆ, ಪೂರ್ತಿ ಸರಿಹೋಗಿದೆಯೆಂದು ಹೇಳಲಾರೆ. ಮೂರನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ವಾರಕ್ಕೊಂದೆರಡು ದಿನವಾದರೂ ನಾಲ್ಕನೆಯ ತರಗತಿಯ ರೀತಿಯಲ್ಲಿ ಪಾಠ ನಡೆಸಿದ್ದರೆ ಈ ಪೆಟ್ಟು ಇಷ್ಟು ಬೀಳುತ್ತಿರಲಿಲ್ಲ. ನಲಿ-ಕಲಿಯಂಥ ಒಳ್ಳೆಯ ಪದ್ಧತಿಯನ್ನು ಕಟ್ಟಿದ ಇಲಾಖೆಗೆ ಈ ಒಂದು ಜೋಡಣೆ ಮಾಡುವುದು ಅಸಾಧ್ಯವೇನಲ್ಲ.

ಮಗು ಎಂಟು ವರ್ಷದೊಳಗಿದ್ದರೆ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕಾಯಂ ನಲಿ-ಕಲಿ ಶಿಕ್ಷಕರಿದ್ದರೆ, ಯೋಚಿಸದೆ ಸೇರಿಸಿ ಎನ್ನುತ್ತೇನೆ. ಶಾಲೆಗೆ ಹೋದಾಗ ಕಟ್ಟಡ, ಬಣ್ಣ ನೋಡುವುದಕ್ಕಿಂತ ಕಾರ್ಡಿನ ಪೆಟ್ಟಿಗೆಗಳನ್ನು ತೆರೆದು ನೋಡಿ. ಅಂಚು ಸವೆದ ಕಾರ್ಡುಗಳಿದ್ದರೆ ಅಲ್ಲಿ ಪದ್ಧತಿ ನಿಜವಾಗಿ ನಡೆಯುತ್ತಿದೆಯೆಂದು ಅರ್ಥ, ಹೊಳೆಯುವ ಹೊಸ ಕಾರ್ಡುಗಳು ಕಟ್ಟು ಬಿಚ್ಚದೆ ಕೂತಿದ್ದರೆ ಇಲ್ಲ. ಒಂಬತ್ತು ದಾಟಿದ ಮಗುವನ್ನು ನೇರವಾಗಿ ನಾಲ್ಕು, ಐದನೆಯ ತರಗತಿಗೆ ಸೇರಿಸಬೇಕಾದವರು ಅದಕ್ಕೂ ಮೊದಲಿನ ಬೇಸಿಗೆಯಲ್ಲಿ ಎರಡು ರೂಢಿ ಮಾಡಿಸಿದರೆ ಸಾಕು: ಹಲಗೆಯಲ್ಲಿ ಬರೆದದ್ದನ್ನು ನೋಡಿ ವೇಗವಾಗಿ ಬರೆದುಕೊಳ್ಳುವುದು, ಮತ್ತು ಗಡಿಯಾರ ಇಟ್ಟುಕೊಂಡು ಒಂದು ಕೆಲಸ ಮುಗಿಸುವುದು. ಸೇರಿಸಿದ ಮೇಲೆ ತರಗತಿ ಶಿಕ್ಷಕರನ್ನು ಮೊದಲ ವಾರದಲ್ಲೇ ಕಂಡು, ಮಗು ಇಷ್ಟು ವರ್ಷ ಹೇಗೆ ಓದಿತು, ಯಾವುದರಲ್ಲಿ ಮುಂದಿದೆ, ಯಾವುದರಲ್ಲಿ ಹಿಂದಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಿ. ನಮ್ಮ ಶಾಲೆಯಲ್ಲಿ ಮೂರನೆಯ ತರಗತಿಯ ಶಿಕ್ಷಕಿ ಆ ಹಾಳೆಯನ್ನು ಮಗಳ ಪ್ರಗತಿ ದಾಖಲೆಯ ಜೊತೆಗೇ ಇಟ್ಟುಕೊಂಡು, ವರ್ಷದ ಕೊನೆಯಲ್ಲಿ ನಾಲ್ಕನೆಯ ತರಗತಿಯವರಿಗೆ ದಾಟಿಸಿದರು.