ಖೋ-ಖೋ ಅಥವಾ ಈಜು: ಏಳು ವರ್ಷದ ಮಗುವಿಗೆ ಯಾವುದು?

ದಾವಣಗೆರೆಯಲ್ಲಿ ಶಾಲೆ ಬಿಟ್ಟ ಮೇಲೆ ಮಗುವನ್ನು ಖೋ-ಖೋ ಅಭ್ಯಾಸಕ್ಕೆ ಕಳುಹಿಸುವುದೋ, ಈಜಿಗೆ ಸೇರಿಸುವುದೋ ಎಂದು ಯೋಚಿಸುವ ಪಾಲಕರು, ಕಣ್ಣು-ಕಿವಿ ಗ್ರಹಿಸಿದ್ದಕ್ಕೆ ಕೈಕಾಲು ಸ್ಪಂದಿಸುವ ಸಾಮರ್ಥ್ಯವನ್ನು ಇವೆರಡೂ ಬೇರೆ ಬೇರೆ ಬಗೆಯಲ್ಲಿ ಬೆಳೆಸುತ್ತವೆ ಎಂಬುದನ್ನು ಗಮನಿಸಬೇಕು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ 8 ಮಂದಿ ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖಮಾಡಿ ಕುಳಿತಿರುತ್ತಾರೆ. ‘ಖೋ’ ಎಂಬ ಸದ್ದು ಕಿವಿಗೆ ಬಿದ್ದೊಡನೆ ಎದ್ದು, ಎದುರಾಳಿಯ ಅಂತರವನ್ನು ಕಣ್ಣಳತೆಯಲ್ಲೇ ಅಂದಾಜಿಸಿ, ಎಡಕ್ಕೋ ಬಲಕ್ಕೋ ಎಂದು ಕ್ಷಣದಲ್ಲಿ ನಿರ್ಧರಿಸಬೇಕು. ಹಿಡಿದ ದಿಕ್ಕಿನಿಂದ ನಡುವೆ ಹಿಂತಿರುಗುವಂತಿಲ್ಲ. ಈಜಿನಲ್ಲಿ ಇಂಥ ಅನಿರೀಕ್ಷಿತ ಸನ್ನಿವೇಶ ಕಡಿಮೆ. ಕೈಕಾಲುಗಳನ್ನು ಉಸಿರಿನ ಲಯಕ್ಕೆ ಹೊಂದಿಸುವ ಕ್ರಮ ಮೈಗೂಡುತ್ತದೆ. ಎಡಬಲದ ಗೊಂದಲವಿರುವ ಮಗುವಿಗೆ ನಾನು ಖೋ-ಖೋವನ್ನೇ ಸೂಚಿಸುತ್ತೇನೆ, ಬಯಲುಸೀಮೆಯ ಬಿಸಿಲು ಇಳಿದ ಮೇಲೆ ಆಡಿಸಿದರಾಯಿತು. ಗುಂಪಿಗೆ ಅಂಜುವ ಮಗು ಮೊದಲು ಈಜು ಕಲಿಯಲಿ.