ನಡುಮನೆಗೆ ಕಡುನೀಲಿಯೋ, ಕೆನೆಬಣ್ಣವೋ?

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ನಡುಮನೆಯಲ್ಲಿ ಒಂದು ಗೋಡೆ ಕಡುನೀಲಿ, ಉಳಿದ ಮೂರು ಕೆನೆಬಣ್ಣ. ಎರಡೂ ಒಂದೇ ಕಂಪನಿಯ ಹೊಳಪಿಲ್ಲದ ಎಮಲ್ಷನ್. ಹೊಡೆಸಿದ ಮೇಲೆ ಎರಡು ಮೂರು ದಸರಾ ಕಳೆದಿರುವುದರಿಂದ ಈಗ ಧೈರ್ಯವಾಗಿ ಹೇಳಬಹುದು: ನೋಡುವುದಕ್ಕೆ ನೀಲಿ, ಬಾಳುವುದಕ್ಕೆ ಕೆನೆ.

ನೀಲಿಯ ಬೆಡಗು ಕಾಣುವುದು ಗೊಂಬೆ ಹಬ್ಬದಲ್ಲಿ. ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿದರೆ ಗೋಡೆ ತಾನಾಗಿ ಹಿಂದೆ ಸರಿದು, ಜರಿಯಂಚು, ಮರದ ಕೆಂಪು ಎಲ್ಲವೂ ಮುಂದೆ ಬರುತ್ತವೆ. ಕೆನೆಗೋಡೆಯ ಮುಂದೆ ಅದೇ ಗೊಂಬೆಗಳು ಸಪ್ಪೆ. ಆದರೆ ವರ್ಷದಲ್ಲಿ ಉಳಿದ ದಿನಗಳೂ ಇವೆಯಲ್ಲ! ನಮ್ಮ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಕಡಿಮೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಿರುಗಿಸಿದರೆ, ಇಂಥ ಕಡುನೀಲಿ ಶೇಕಡಾ 10ನ್ನೂ ಹಿಂದಿರುಗಿಸುವುದಿಲ್ಲ. ಆಷಾಢದ ಮೋಡ ಕವಿದರೆ ಮಧ್ಯಾಹ್ನವೇ ದೀಪ ಬೇಕು. ಅದೂ 2700 ಕೆಲ್ವಿನ್‌ನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕಾದರೆ ನೀಲಿ ಕಪ್ಪಿಗೆ ತಿರುಗುತ್ತದೆ; 6500ರ ಬಿಳಿ ಟ್ಯೂಬ್‌ಲೈಟ್ ಆದರೆ ನೀಲಿ ಸರಿಹೋಗುತ್ತದೆ, ಕೆನೆ ಬಿಳಿಚಿಕೊಳ್ಳುತ್ತದೆ. ಕೊನೆಗೆ 4000 ಕೆಲ್ವಿನ್‌ಗೆ ಎರಡೂ ರಾಜಿಯಾದವು.

ನಮ್ಮ ಅತ್ತೆಯವರು ನೀಲಿ ಗೋಡೆಯನ್ನು ‘ಓಟಿನ ಶಾಯಿ ಗೋಡೆ’ ಎನ್ನುತ್ತಾರೆ. 1962ರ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಮಾಡಿಕೊಟ್ಟ ಊರಿನವರು, ಅನ್ನುವ ಹಕ್ಕಿದೆ. ಶಾಯಿಯ ಗಟ್ಟಿತನ ಮಾತ್ರ ಈ ಗೋಡೆಗಿಲ್ಲ. ಸೋಫಾದ ಬೆನ್ನು ಉಜ್ಜಿದಲ್ಲಿ ಬಿಳಿಗೆರೆ, ಒದ್ದೆ ಬಟ್ಟೆಯಲ್ಲಿ ತಿಕ್ಕಿದಲ್ಲಿ ಹೊಳೆಯುವ ಮಚ್ಚೆ. ಡಬ್ಬಿಯಲ್ಲಿ ಉಳಿದ ಬಣ್ಣದಿಂದ ತೇಪೆ ಹಾಕಿದರೆ ತೇಪೆಯೇ ಎದ್ದು ಕಾಣುತ್ತದೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಹೊಡೆಸಬೇಕು. ಕೆನೆಗೋಡೆಯ ತಕರಾರು ಸ್ವಿಚ್ಚಿನ ಸುತ್ತಲಿನ ಕೈಗುರುತು, ಅಷ್ಟೇ. ಕಡುಬಣ್ಣದಿಂದ ಸೆಕೆ ಹೆಚ್ಚುತ್ತದೆ ಎಂದು ಹಲವರು ಹೆದರಿಸಿದ್ದರು. ಬಿಸಿಲು ಬೀಳದ ಒಳಗೋಡೆಯಲ್ಲಿ ಅಂಥದ್ದೇನೂ ಅನುಭವಕ್ಕೆ ಬರಲಿಲ್ಲ.

ಮುಂದಿನ ಸಲವೂ ನೀಲಿಯನ್ನು ಬಿಡುವವಳಲ್ಲ ನಾನು. ಸೋಫಾ ತಾಗದ ಗೋಡೆಗೆ ಅದನ್ನು ವರ್ಗಾಯಿಸುತ್ತೇನೆ.

ಹೊಡೆಸುವವರು ಶೇಡ್ ಕಾರ್ಡಿನ ಬೆರಳಗಲದ ತುಂಡನ್ನು ನಂಬಬೇಡಿ. ಗೋಡೆ ತುಂಬಿದಾಗ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಎರಡಡಿ ಚೌಕ ಹೊಡೆಸಿ, ಬೆಳಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ. ಕಡುಬಣ್ಣದ ಕೆಳಗೆ ಬಿಳಿ ಪ್ರೈಮರ್ ಬದಲು ಬೂದುಬಣ್ಣದ್ದನ್ನು ಹಾಕುವಂತೆ ಪೇಂಟಿಂಗ್ ಮೇಸ್ತ್ರಿಗೆ ಮೊದಲೇ ಹೇಳಿ. ಇಲ್ಲವಾದರೆ ಎರಡು ಕೋಟ್‌ ಬಣ್ಣಕ್ಕೆ ಮುಗಿಯಬೇಕಾದದ್ದು ಮೂರಕ್ಕೆ ಹೋಗುತ್ತದೆ, ಬಿಲ್ಲೂ ಅದರ ಹಿಂದೆಯೇ.